ಗಂಟೆಗೊಬ್ಬರ ವಿಜ್ಞಾಪನೆ: ಹೆರ್ನ್‌ಹುಟ್ ಸಭೆಯಲ್ಲಿ ಪರಸ್ಪರ ಪ್ರಾರ್ಥನೆ ಮತ್ತು ಬಾಳಿನ ಗುರಿ

1727ರ ಆಗಸ್ಟ್ 27ರಂದು ಸ್ಯಾಕ್ಸನಿ ಸೀಮೆಯ ಹೆರ್ನ್‌ಹುಟ್ ಎಂಬ ಪುಟ್ಟ ಊರಿನ 24 ಪುರುಷರೂ 24 ಸ್ತ್ರೀಯರೂ ಒಂದು ಒಡಂಬಡಿಕೆಗೆ ಬಂದರು. ದಿನದ 24 ಗಂಟೆಗಳನ್ನು ಚೀಟಿ ಎತ್ತಿ ಹಂಚಿಕೊಂಡು, ತಮ್ಮ ಪಾಲಿಗೆ ಬಂದ ಗಂಟೆಯಲ್ಲಿ ಸಭೆಗಾಗಿಯೂ ಸಭೆಯ ಒಬ್ಬೊಬ್ಬರಿಗಾಗಿಯೂ ವಿಜ್ಞಾಪನೆ ಮಾಡಬೇಕೆಂಬುದು ಅದರ ತಿರುಳು. ಈ ಪಾಳಿ ನೂರು ವರ್ಷಕ್ಕೂ ಮಿಕ್ಕಿ ಮುಂದುವರಿಯಿತೆಂದು ಈ ಊರಿನಿಂದ ಬೆಳೆದ ಮೊರೇವಿಯನ್ ಸಭೆಯ ಪರಂಪರೆ ಹೇಳುತ್ತದೆ. ಭಕ್ತಿಯ ಇತಿಹಾಸದಲ್ಲಿ ಇದನ್ನು ಸಾಮಾನ್ಯವಾಗಿ ಆವೇಶದ ಫಲವೆಂದು ವಿವರಿಸುತ್ತಾರೆ. ಆದರೆ ಇದು ಬಹಳ ಯೋಚಿಸಿ ಕಟ್ಟಿದ ವ್ಯವಸ್ಥೆ. ಸಾಮಾನ್ಯ ಕುಶಲಕರ್ಮಿಗಳಿಗೆ ತಮ್ಮ ಬಾಳಿಗೊಂದು ಗುರಿಯಿದೆ ಎಂಬ ನಂಬಿಕೆ ಬಂದದ್ದು ಈ ವ್ಯವಸ್ಥೆ ಅವರಿಗೆ ಒಪ್ಪಿಸಿದ ಹೊಣೆಯ ಮೂಲಕ.

ಹೆರ್ನ್‌ಹುಟ್ ನಿರಾಶ್ರಿತರ ಊರು. ಹ್ಯಾಬ್ಸ್‌ಬರ್ಗ್ ಆಳ್ವಿಕೆಯ ಮೊರೇವಿಯಾದಲ್ಲಿ ಪ್ರೊಟೆಸ್ಟೆಂಟರಾಗಿ ಬಹಿರಂಗವಾಗಿ ಬಾಳಲಾಗದೆ ಗಡಿ ದಾಟಿದವರು ಕೌಂಟ್ ಜಿಂಜೆಂಡಾರ್ಫ್‌ನ ಬೆರ್ಟೆಲ್ಸ್‌ಡಾರ್ಫ್ ಜಮೀನಿನಲ್ಲಿ ನೆಲೆ ಕಂಡರು. ಬಡಗಿ ಕ್ರಿಸ್ಟಿಯನ್ ಡೇವಿಡ್ 1722ರ ಜೂನ್ 17ರಂದು ಅಲ್ಲಿ ಮೊದಲ ಮರ ಕಡಿದ. ಬರಬರುತ್ತ ಲುಥರನ್ನರೂ ಬೇರೆ ಪಂಥದವರೂ ಬಂದು ಸೇರಿದರು. ಅವರೊಂದಿಗೆ ಜಗಳವೂ ಬಂತು. ಆರಾಧನೆಯ ಕ್ರಮ, ಸಭಾಪಾಲಕನ ಅಧಿಕಾರ, ಜಮೀನುದಾರನ ಹಕ್ಕು ಎಲ್ಲವೂ ವಿವಾದದ ವಸ್ತುಗಳಾಗಿ ಊರು ಒಡೆಯುವ ಹಂತ ತಲುಪಿತು. 1727ರ ಮೇ 12ರಂದು ಊರಿನ ನಿಬಂಧನೆಗಳಿಗೆ ಸಮ್ಮತಿ ಪಡೆಯಲಾಯಿತು. ಆಗಸ್ಟ್ 13ರಂದು ಬೆರ್ಟೆಲ್ಸ್‌ಡಾರ್ಫ್ ಚರ್ಚಿನಲ್ಲಿ ಎಲ್ಲರೂ ಕೂಡಿ ಕರ್ತನ ಭೋಜನದಲ್ಲಿ ಪಾಲ್ಗೊಂಡರು. ಮುನಿಸಿಕೊಂಡವರು ಅಂದು ರಾಜಿಯಾದರೆಂಬುದನ್ನು ಮೊರೇವಿಯನ್ನರು ಇಂದಿಗೂ ಸ್ಮರಿಸುತ್ತಾರೆ. ಗಂಟೆಯ ಪಾಳಿ ಶುರುವಾದದ್ದು ಇದಾಗಿ ಎರಡೇ ವಾರಕ್ಕೆ. ನಿನ್ನೆಯವರೆಗೆ ಮಾತು ಬಿಟ್ಟಿದ್ದ ನೆರೆಯವನ ಹೆಸರನ್ನೂ ದೇವರ ಮುಂದೆ ಎತ್ತಬೇಕಾದ ಹಂಗಿನಲ್ಲಿ ಈ ಜನ ಪ್ರಾರ್ಥನೆಗೆ ನಿಂತರೆಂಬುದನ್ನು ಮರೆತರೆ ಆ ಪಾಳಿಯ ಬಿಗಿ ಅರ್ಥವಾಗುವುದಿಲ್ಲ.

ಯಾಜಕಕಾಂಡದ 6ನೇ ಅಧ್ಯಾಯದಲ್ಲಿ ಯಜ್ಞವೇದಿಯ ಬೆಂಕಿ ಆರಬಾರದೆಂಬ ವಿಧಿಯಿದೆ. ಗಂಟೆಯ ಪ್ರಾರ್ಥನೆಗೆ ಅದೇ ಆಧಾರವಾಯಿತು. ಪಾಳಿಯವರು ಗುಂಪುಗೂಡಬೇಕಾಗಿರಲಿಲ್ಲ, ತಮ್ಮ ಗಂಟೆ ಬಂದಾಗ ತಾವಿದ್ದಲ್ಲಿಯೇ ಪ್ರಾರ್ಥಿಸುತ್ತಿದ್ದರು. ವಾರಕ್ಕೊಮ್ಮೆ ಮಾತ್ರ ಕೂಡುತ್ತಿದ್ದರು. ಯಾರಿಗೆ ಕಾಯಿಲೆ, ಯಾರ ಮನಸ್ಸಿನಲ್ಲಿ ಕಳವಳ, ಯಾವ ಊರಿನ ಸಹೋದರರು ಸೆರೆಯಲ್ಲಿದ್ದಾರೆ ಎಂಬುದು ಅಲ್ಲಿ ತಿಳಿಯುತ್ತಿತ್ತು. ಒಬ್ಬರಿಗಾಗಿ ಪ್ರಾರ್ಥಿಸಬೇಕಾದರೆ ಅವರ ಸಂಗತಿ ಗೊತ್ತಿರಲೇಬೇಕು. ಈ ಅಗತ್ಯವೇ ಸುದ್ದಿ ತರಿಸುವ, ಓದಿ ಹೇಳುವ, ಬರೆದಿಡುವ ರೂಢಿಯನ್ನು ಬಲಪಡಿಸಿತು. 1728ರಿಂದ ತಿಂಗಳಿಗೊಮ್ಮೆ ಸಭಾದಿನವನ್ನು ಗೊತ್ತುಮಾಡಿ ದೂರದಿಂದ ಬಂದ ಪತ್ರಗಳನ್ನು ಎಲ್ಲರಿಗೂ ಓದಿ ಹೇಳತೊಡಗಿದರು. ಅದೇ ವರ್ಷ ದಿನಕ್ಕೊಂದು ವಾಕ್ಯವನ್ನು ಮನೆಮನೆಗೆ ತಿಳಿಸುವ ಪದ್ಧತಿಯೂ ಬಂತು. 1731ರಿಂದ ಅದು ವರ್ಷಕ್ಕೊಂದು ಪುಸ್ತಕವಾಗಿ ಅಚ್ಚಾಗುತ್ತ ಬಂದಿದೆ.

ಪಾಳಿಗೆ ಆಸರೆಯಾಗಿದ್ದವು ಸಣ್ಣ ಕೂಟಗಳು. ಪರಸ್ಪರ ಹೊಂದಿಕೆಯಾಗುವ ಕೆಲವೇ ಜನ ಸೇರಿ ತಪ್ಪು ಒಪ್ಪಿಕೊಳ್ಳುವುದು, ಬುದ್ಧಿ ಹೇಳಿಕೊಳ್ಳುವುದು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುವುದು ಅಲ್ಲಿನ ಕೆಲಸ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯವು ಪಾಪನಿವೇದನೆಯನ್ನೂ ಪರಸ್ಪರ ಪ್ರಾರ್ಥನೆಯನ್ನೂ ಒಟ್ಟಿಗೆ ಹೇಳುತ್ತದೆ. ಈ ಕೂಟಗಳು ಆ ಜೋಡಣೆಯನ್ನು ಅಕ್ಷರಶಃ ಪಾಲಿಸಿದವು. 1738ರಲ್ಲಿ ಹೆರ್ನ್‌ಹುಟ್‌ಗೆ ಬಂದ ಇಂಗ್ಲಿಷ್ ಬೋಧಕ ಜಾನ್ ವೆಸ್ಲಿ ಇವುಗಳನ್ನು ಕಣ್ಣಾರೆ ಕಂಡ. ಆದರೂ ಇಷ್ಟು ಆಪ್ತವಾದ ತಪ್ಪೊಪ್ಪಿಗೆ ಒಬ್ಬರ ಮೇಲೊಬ್ಬರ ಕಾವಲೂ ಆಗಬಲ್ಲದು. ಆ ಅಪಾಯದಿಂದ ಹೆರ್ನ್‌ಹುಟ್ ಹೊರತಾಗಿರಲಿಲ್ಲ.

ಹೊಣೆ ಹಂಚಿಕೆ ಪ್ರಾರ್ಥನೆಯಲ್ಲಿಗೇ ನಿಲ್ಲಲಿಲ್ಲ. ರೋಗಿಗಳ ಆರೈಕೆ, ಬಡವರ ನೆರವು, ಮಕ್ಕಳ ಪಾಠ, ರಾತ್ರಿ ಕಾವಲು ಇವೆಲ್ಲ ಸಭೆ ವಹಿಸಿಕೊಟ್ಟ ಸೇವೆಗಳೆನಿಸಿದವು. ಸ್ತ್ರೀಯರ ನಡುವಿನ ಕೆಲಸಗಳಿಗೆ ಸ್ತ್ರೀಯರೇ ನೇಮಕವಾಗುತ್ತಿದ್ದರು. 1730ರಲ್ಲಿ ಚೀಟಿ ಎತ್ತಿದಾಗ ಸ್ತ್ರೀಯರ ಹಿರಿಯಳ ಸ್ಥಾನ ಅನ್ನಾ ನಿಚ್‌ಮನ್ ಪಾಲಿಗೆ ಬಂತು. ಆಗ ಆಕೆಗೆ 14 ವರ್ಷ. ವಂಶ, ವಯಸ್ಸು, ಆಸ್ತಿಗಳಿಂದ ಸ್ಥಾನ ತೀರ್ಮಾನವಾಗುತ್ತಿದ್ದ ಆ ಕಾಲದ ಜರ್ಮನಿಯಲ್ಲಿ ಇದು ಅಸಾಧಾರಣ. ದೇವರಿಗೆ ತನ್ನಿಂದ ಯಾವ ಕೆಲಸ ಆಗಬೇಕಾಗಿದೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಒಂಟಿಯಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಕುಂಬಾರ ಲಿಯೊನಾರ್ಡ್ ಡೋಬರ್ 1731ರಲ್ಲಿ ವೆಸ್ಟ್ ಇಂಡೀಸಿನ ಗುಲಾಮರ ಬಳಿಗೆ ಹೋಗಬೇಕೆಂದು ಬಯಸಿದ. ಸಭೆ ಒಂದು ವರ್ಷ ಕಾಲ ಅದನ್ನು ತೂಗಿ ನೋಡಿತು. ಕೊನೆಗೆ ಚೀಟಿಯೇ ಅಪ್ಪಣೆ ಕೊಟ್ಟಿತು. 1732ರ ಆಗಸ್ಟ್ 21ರಂದು ಅವನು ಬಡಗಿ ಡೇವಿಡ್ ನಿಚ್‌ಮನ್‌ನೊಂದಿಗೆ ಡೆನ್ಮಾರ್ಕಿನ ವಸಾಹತಾಗಿದ್ದ ಸೇಂಟ್ ಥಾಮಸ್ ದ್ವೀಪಕ್ಕೆ ಹೊರಟ. ಹೀಗೆ ಸಭೆಯೊಂದಿಗೆ ಬೆಸೆದುಕೊಂಡ ತಮ್ಮ ಬದುಕಿನ ವೃತ್ತಾಂತವನ್ನು ಮೊರೇವಿಯನ್ನರು ಬರೆದಿಡುತ್ತಿದ್ದರು. ಶವಸಂಸ್ಕಾರದಲ್ಲಿ ಅದನ್ನು ಸಭೆಗೆ ಓದಿ ಹೇಳಲಾಗುತ್ತಿತ್ತು. ಹೆರ್ನ್‌ಹುಟ್‌ನ ದಫ್ತರಖಾನೆಯಲ್ಲಿ ಉಳಿದಿರುವ ಇಂಥ ಸಾವಿರಾರು ವೃತ್ತಾಂತಗಳು ಸಾಮಾನ್ಯ ಜನ ತಮ್ಮ ಬಾಳಿನಲ್ಲಿ ಕಂಡುಕೊಂಡ ಅರ್ಥಕ್ಕೆ ಅಪರೂಪದ ಆಕರ.

ಈ ಪ್ರಾರ್ಥನೆಯ ಅತಿ ಕಠಿಣ ಪರೀಕ್ಷೆ ನಡೆದದ್ದು ಸೇಂಟ್ ಥಾಮಸ್‌ನಲ್ಲಿಯೇ. ಮಿಷನರಿಗಳು ಗುಲಾಮರನ್ನು ಸಹೋದರ ಸಹೋದರಿಯರೆಂದು ಕರೆದರು, ಅವರಲ್ಲಿಯೂ ಸಣ್ಣ ಕೂಟಗಳನ್ನು ಕಟ್ಟಿದರು. ಅದೇ ಹೊತ್ತಿಗೆ ಮಿಷನ್ ತೋಟವನ್ನು ಕೊಂಡು ಗುಲಾಮರ ಒಡೆತನಕ್ಕೂ ಇಳಿಯಿತು. 1739ರಲ್ಲಿ ದ್ವೀಪಕ್ಕೆ ಬಂದ ಜಿಂಜೆಂಡಾರ್ಫ್ ಸೆರೆಯಲ್ಲಿದ್ದ ಮಿಷನರಿಗಳನ್ನು ಬಿಡಿಸಿದ. ಗುಲಾಮರಿಗೆ ಮಾತ್ರ ಒಡೆಯರಿಗೆ ವಿಧೇಯರಾಗಿರಿ ಎಂದು ಬೋಧಿಸಿದ. ಒಬ್ಬರಿಗಾಗಿ ಗಂಟೆಗಟ್ಟಲೆ ಪ್ರಾರ್ಥಿಸುತ್ತಲೇ ಅವರ ಬಿಡುಗಡೆಯನ್ನು ಕೇಳದಿರುವುದು ಸಾಧ್ಯವೆಂಬ ಕಹಿ ಸತ್ಯ ಇಲ್ಲಿದೆ. ಭಕ್ತಿಯ ಇತಿಹಾಸ ಬರೆಯುವವರು ಇದನ್ನು ಬದಿಗೊತ್ತಬಾರದು. ಅದೇ ವರ್ಷ ಆಫ್ರಿಕಾದ ಪೊಪೊ ಸೀಮೆಯಿಂದ ಬಂದಿದ್ದ ಮರೊಟ್ಟಾ, ಕ್ರೈಸ್ತ ಹೆಸರಿನಲ್ಲಿ ಮಗ್ದಲೇನ, 250ಕ್ಕೂ ಹೆಚ್ಚು ಕಪ್ಪು ಸ್ತ್ರೀಯರ ಪರವಾಗಿ ಡೆನ್ಮಾರ್ಕಿನ ರಾಣಿಗೆ ಪತ್ರ ಬರೆಸಿದಳು. ಯೇಸುವನ್ನು ಸೇವಿಸಲು ಬಿಳಿಯರು ಬಿಡುತ್ತಿಲ್ಲವೆಂದು ದೂರಿ, ರಾಣಿ ತಮಗಾಗಿ ಕರ್ತನಲ್ಲಿ ಪ್ರಾರ್ಥಿಸಬೇಕೆಂದೂ ರಾಜನ ಬಳಿ ತಮ್ಮ ಪರವಾಗಿ ಮಾತಾಡಬೇಕೆಂದೂ ಕೇಳಿಕೊಂಡಳು. ಈ ಎರಡು ಕೋರಿಕೆಗಳನ್ನು ಅವಳು ಬೇರ್ಪಡಿಸಲಿಲ್ಲ.