ತರಗತಿಯ ಭಾವಚಿತ್ರಗಳು: ನಮ್ಮ ವಿದ್ಯಾದಾಸೋಹದ ಮೌನ ಸಾಕ್ಷಿಗಳು

ಇತಿಹಾಸವೆಂದೊಡನೆ ನಮಗೆ ಶಿಲಾಶಾಸನ, ತಾಮ್ರಪಟ, ತಾಡವೋಲೆಗಳು ನೆನಪಾಗುವುದು ಸಹಜ. ಆದರೆ ಕಳೆದ ಒಂದು ಶತಮಾನದಲ್ಲಿ ನಮ್ಮ ನಾಡಿನಲ್ಲಿ ವಿದ್ಯೆಯು ಹಳ್ಳಿಗಳಿಗೆ ಹರಡಿದ ಬಗೆಯನ್ನು ತಿಳಿಯಬಯಸುವವರಿಗೆ ಇನ್ನೊಂದು ಸಾಧನವೂ ಉಂಟು. ಪರೀಕ್ಷೆಗೆ ಮುನ್ನ ಶಾಲೆಯ ಅಂಗಳದಲ್ಲಿ ಬೆಂಚುಗಳನ್ನು ಸಾಲಾಗಿಟ್ಟು ತೆಗೆಸುತ್ತಿದ್ದ ತರಗತಿಯ ಸಮೂಹ ಭಾವಚಿತ್ರವೇ ಅದು. ಜನರ ಮಾತಿನಲ್ಲಿ ಗ್ರೂಪ್ ಫೋಟೋ. ಅದನ್ನು ಗೋಡೆಯ ಅಲಂಕಾರವೆಂದು ಬಗೆದವರು ಹಲವರು; ದಾಖಲೆಯೆಂದು ಬಗೆದವರು ವಿರಳ.

ಈ ಚಿತ್ರಗಳ ಹಿಂದಿರುವ ಕಾಲವನ್ನು ಸ್ವಲ್ಪ ನೆನೆಯೋಣ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಉದಯಿಸಿತು. 1917ರಲ್ಲಿ ಸಿದ್ಧಗಂಗೆಯಲ್ಲಿ ಪೂಜ್ಯ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಆರಂಭಿಸಿದರು. ಚಿತ್ರದುರ್ಗದ ಜಯದೇವ ಜಗದ್ಗುರುಗಳು ಊರೂರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿಸಿದರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1954ರಲ್ಲಿ ಮಹಾವಿದ್ಯಾಪೀಠಕ್ಕೆ ಅಡಿಪಾಯ ಹಾಕಿದರು. ನಾವು ನೆಲೆಸಿರುವ ಅನ್ನಪೂರ್ಣೇಶ್ವರಿ ನಗರಕ್ಕೆ ಸಮೀಪದಲ್ಲಿಯೇ ಹಾದುಹೋಗುವ ಮಾಗಡಿ ರಸ್ತೆಯನ್ನು ಹಿಡಿದು ಹೊರಟರೆ ದೊರೆಯುವ ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಬಾಲಕನೊಬ್ಬನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 1941ರಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಿದ್ಧಗಂಗೆಯನ್ನು ಬೆಳಗಿದ ಶ್ರೀ ಶಿವಕುಮಾರ ಸ್ವಾಮಿಗಳಾದರು. ಅವರ ನೆರಳಿನಲ್ಲಿ ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳು ಉಂಡು ಓದಿದರು. ಈ ಮಹಾಕಾರ್ಯದ ಲೆಕ್ಕವು ಕಡತಗಳಲ್ಲಿರಬಹುದು. ಮುಖಗಳಿರುವುದು ಭಾವಚಿತ್ರಗಳಲ್ಲಿ ಮಾತ್ರ.

ಅಂತಹ ಚಿತ್ರವೊಂದನ್ನು ಸಾವಧಾನವಾಗಿ ನೋಡಿದರೆ ಅದು ಎಷ್ಟೋ ಸಂಗತಿಗಳನ್ನು ಹೇಳುತ್ತದೆ. ಎಷ್ಟು ಹುಡುಗರ ಕಾಲಿನಲ್ಲಿ ಮೆಟ್ಟುಗಳಿವೆ, ಯಾರು ದೊಗಲೆ ಅಂಗಿ ತೊಟ್ಟಿದ್ದಾರೆ, ಯಾವ ವರ್ಷದಿಂದ ಟೋಪಿಗಳು ಮರೆಯಾದವು, ಯಾವ ವರ್ಷ ಮೊದಲ ಬಾರಿಗೆ ಹೆಣ್ಣುಮಕ್ಕಳು ಸಾಲಿನಲ್ಲಿ ಕುಳಿತರು ಎಂಬುದನ್ನು ಇಷ್ಟು ನಿಚ್ಚಳವಾಗಿ ತಿಳಿಸುವ ವರದಿ ಮತ್ತೊಂದಿಲ್ಲ. ಹೇಳದೆ ಉಳಿಸುವ ಸಂಗತಿಗಳೂ ಉಂಟು. ನಸುಕಿನಲ್ಲೆದ್ದು ಪ್ರಸಾದ ಸಿದ್ಧಪಡಿಸುತ್ತಿದ್ದ ಅಡಿಗೆಯವರು ಸಾಲಿನಲ್ಲಿ ಕಾಣುವುದು ಅಪರೂಪ. ಪ್ರತಿಗೆ ಹಣ ತೆರಬೇಕಾಗಿದ್ದುದರಿಂದ, ಬಡ ವಿದ್ಯಾರ್ಥಿಯು ಚಿತ್ರದಲ್ಲಿದ್ದರೂ ಚಿತ್ರವು ಅವನ ಮನೆಯಲ್ಲಿರುತ್ತಿರಲಿಲ್ಲ. ತನ್ನ ಬಾಲ್ಯದ ಮುಖವನ್ನು ಮತ್ತೆ ಕಾಣದೆಯೇ ವೃದ್ಧರಾದವರು ನಮ್ಮ ನಡುವೆ ಅನೇಕರಿದ್ದಾರೆ.

ಇಂದು ಸ್ಕ್ಯಾನರ್ ಯಂತ್ರವೂ ಅಂತರಜಾಲವೂ ಈ ಕೊರತೆಯನ್ನು ನೀಗುವ ಅವಕಾಶವನ್ನು ಒದಗಿಸಿವೆ. ಇದು ನಮ್ಮ ಪರಂಪರೆಗೆ ಹೊಸತಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಮನೆಗಳಲ್ಲಿ ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದ, ಆದರೆ ಓದುವವರಿಲ್ಲದಿದ್ದ ತಾಡವೋಲೆಗಳನ್ನು ಕಲೆಹಾಕಿ, 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಾಲಯವನ್ನು ಸ್ಥಾಪಿಸಿ 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಓಲೆಯು ಪೆಟ್ಟಿಗೆಯಲ್ಲಿದ್ದಾಗ ಒಂದು ಮನೆತನದ ಸೊತ್ತಾಗಿತ್ತು. ಅಚ್ಚಾದ ಮೇಲೆ ನಾಡಿನ ಸೊತ್ತಾಯಿತು. ಟ್ರಂಕಿನ ತಳದಲ್ಲಿರುವ ಭಾವಚಿತ್ರಕ್ಕೂ ಈ ಮಾತು ಸಲ್ಲುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರು, ಧಾರವಾಡ, ಹುಬ್ಬಳ್ಳಿ ಮೊದಲಾದ ಕಡೆಗಳಲ್ಲಿ ತೆಗೆಸಿದ ಹಳೆಯ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಸುರಕ್ಷಿತವಾಗಿದ್ದು, ವಿವರಣೆಗಳೊಡನೆ ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುತ್ತವೆ. ನಮ್ಮ ಪ್ರಸಾದ ನಿಲಯಗಳ ಚಿತ್ರಗಳಿಗೆ ಅಂತಹ ಆಶ್ರಯವನ್ನು ನಾವೇ ಒದಗಿಸಬೇಕಾಗಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಪರಿಚಿತರೊಬ್ಬರು ತಂದುಕೊಟ್ಟ ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡುವಾಗ, ಅಂದವಾಗಿ ಕಾಣಲೆಂದು ಸುತ್ತಲಿನ ರಟ್ಟಿನ ಭಾಗವನ್ನು ಬಿಟ್ಟು ಮುಖಗಳನ್ನಷ್ಟೇ ತೆಗೆದುಕೊಂಡೆನು. ಬಳಿಕ ಅವರ ಮನೆಯಲ್ಲಿ ಚಿತ್ರಕ್ಕೆ ಹೊಸ ಕಟ್ಟು ಹಾಕಿಸಿದಾಗ, ಗೆದ್ದಲು ಹಿಡಿದಿದ್ದ ಹಳೆಯ ರಟ್ಟನ್ನು ಎಸೆದುಬಿಟ್ಟರು. ಅದರ ಮೇಲೆ ಸಾಲುಸಾಲಾಗಿ ಎಲ್ಲರ ಹೆಸರುಗಳಿದ್ದವು. ಮುಂದೆ ಎಂಬತ್ತು ದಾಟಿದ ಹಿರಿಯರೊಬ್ಬರು ಆ ಚಿತ್ರವನ್ನು ಪರದೆಯ ಮೇಲೆ ಕಂಡು, ಮೊದಲು ಬೆರಳಿಟ್ಟು ತೋರಿಸಿದ್ದು ತಮ್ಮನ್ನಲ್ಲ. ಓದು ಮುಗಿಯುವ ಮೊದಲೇ ತೀರಿಹೋದ ಪಕ್ಕದ ಗೆಳೆಯನನ್ನು. ಹನ್ನೊಂದು ಮಂದಿಯ ಹೆಸರನ್ನು ಹೇಳಿದರು. ಉಳಿದವರ ಹೆಸರು ಹೇಳಬಲ್ಲವರು ಈವರೆಗೆ ದೊರೆತಿಲ್ಲ.

ಆದುದರಿಂದ ಈ ಕಾರ್ಯವನ್ನು ಕೈಗೊಳ್ಳುವ ಬಂಧುಗಳು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಚಿತ್ರವನ್ನು ರಟ್ಟಿನ ಸಮೇತ, ಹಿಂಬದಿಯ ಬರಹದ ಸಮೇತ ಸ್ಕ್ಯಾನ್ ಮಾಡಬೇಕು. ಅಂಗುಲಕ್ಕೆ 600 ಬಿಂದುಗಳ ಪ್ರಮಾಣದಲ್ಲಿ, ಕಪ್ಪುಬಿಳುಪು ಚಿತ್ರವನ್ನೂ ಬಣ್ಣದ ಕ್ರಮದಲ್ಲಿಯೇ ತೆಗೆದರೆ ಮಾಸಿದ ಬರಹವು ಚೆನ್ನಾಗಿ ಉಳಿಯುತ್ತದೆ. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳದೆ, ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯಬೇಕು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಸೂಕ್ಷ್ಮ ವಿವರಗಳು ಕುಗ್ಗುವುದರಿಂದ, ಮೂಲ ಪ್ರತಿಯನ್ನು ಬೇರೆ ಬೇರೆ ಎರಡು ಮೂರು ಕಡೆಗಳಲ್ಲಿ ಕಾದಿಡಬೇಕು. ಹೆಸರುಗಳನ್ನು ಎಡದಿಂದ ಬಲಕ್ಕೆ ಸಾಲಿನ ಕ್ರಮದಲ್ಲಿ ಬರೆದು, ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನೂ ನಮೂದಿಸಬೇಕು. ನೆನಪು ತಪ್ಪಬಹುದಾದ್ದರಿಂದ ಶಾಲೆಯ ದಾಖಲಾತಿ ಪುಸ್ತಕದೊಡನೆ ತಾಳೆ ನೋಡುವುದು ಅವಶ್ಯ.

ಇನ್ನೊಂದು ಎಚ್ಚರಿಕೆಯೂ ಬೇಕು. ಎಲ್ಲರೂ ತಮ್ಮ ಬಾಲ್ಯದ ಬಡತನವನ್ನು ಲೋಕದ ಮುಂದಿಡಲು ಬಯಸುವರೆಂದು ಭಾವಿಸಲಾಗದು. ಚಿತ್ರದಲ್ಲಿರುವವರು ಬದುಕಿದ್ದರೆ ಅವರನ್ನು, ಇಲ್ಲವಾದರೆ ಅವರ ಮನೆಯವರನ್ನು ಕೇಳಿಯೇ ಪ್ರಕಟಿಸಬೇಕು. ಯಾವ ಹುಡುಗನು ಯಾವ ಜಾತಿಯವನೆಂದು ಬರೆಯುವುದಂತೂ ಸಲ್ಲದು. ಪಂಕ್ತಿಯಲ್ಲಿ ಕೇಳದಿದ್ದುದನ್ನು ಚಿತ್ರದ ಕೆಳಗೆ ಬರೆಯುವುದು ಪ್ರಸಾದಕ್ಕೆ ಮಾಡುವ ಅಪಚಾರ.

ಅರ್ಧ ಶತಮಾನಕ್ಕೂ ಹಿಂದೆ ಮಠದ ನೆರಳಿನಲ್ಲಿ ಓದಿದವರು ಇಂದು ಇಳಿವಯಸ್ಸಿನಲ್ಲಿದ್ದಾರೆ. ಕಾಗದವು ಇನ್ನೂ ಕೆಲವು ವರ್ಷ ಬಾಳಬಹುದು. ಹೆಸರು ಬಲ್ಲವರು ಅಷ್ಟು ಕಾಲ ಕಾಯಲಾರರು. ಹಳೆಯ ವಿದ್ಯಾರ್ಥಿ ಬಂಧುಗಳು ತಮ್ಮ ಮನೆಯ ಟ್ರಂಕನ್ನು ಇಂದೇ ತೆರೆಯಲಿ. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು, ಒಂದೊಂದು ಮುಖದ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಉಂಡ ಅನ್ನದ ಋಣವನ್ನು ನೆನೆಯುವ ದಾರಿಗಳಲ್ಲಿ ಇದೂ ಒಂದು.