ಚಲುವೆ ಪುಡಿ

ಹೈಸ್ಕೂಲಲ್ಲಿ ಮೇಷ್ಟ್ರು 'ಚಲುವೆ ಪುಡಿ' ಅಂದಾಗ ಹುಡುಗರೆಲ್ಲ ಕಿಸಕ್ಕನೆ ನಕ್ಕಿದ್ವಿ. ಊರ ಬಾವಿಗೆ ಪಂಚಾಯ್ತಿಯವರು ಸುರಿಯೋ ಬ್ಲೀಚಿಂಗ್ ಪೌಡರ್‌ಗೆ ಇಂಥಾ ಹೆಸರಾ! ಚಲುವೆ ಅಂದರೆ ಬಟ್ಟೆಯ ಬಣ್ಣ ತೆಗೆದು ಬಿಳುಪು ಮಾಡೋದು ಅಂತ ಆಮೇಲೆ ಗೊತ್ತಾಯ್ತು.

'ಬ್ಲೀಚ್' ಹಳೆಯ ಇಂಗ್ಲಿಷಿನ ಪದ; ಅರ್ಥ, ಬಿಳಿಚುವಂತೆ ಮಾಡು. ತಮಾಷೆ ಅಂದ್ರೆ 'ಬ್ಲ್ಯಾಕ್'ಗೂ ಇದಕ್ಕೂ ಮೂಲ ಒಂದೇ ಅಂತಾರೆ ಭಾಷಾತಜ್ಞರು. ಉರಿಯುವಾಗ ಹೊಳಪು, ಉರಿದ ಮೇಲೆ ಕಪ್ಪು.

ಮೊದಲು ಯುರೋಪಿನಲ್ಲಿ ಲಿನನ್ ಬಟ್ಟೆಯನ್ನು ಬೂದಿನೀರು, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ತಿಂಗಳುಗಟ್ಟಲೆ ಹುಲ್ಲಿನ ಮೇಲೆ ಬಿಸಿಲಿಗೆ ಹರಡ್ತಿದ್ರು. 1785ರಲ್ಲಿ ಫ್ರಾನ್ಸಿನ ಬರ್ತೊಲೆ ಕ್ಲೋರಿನ್ನಿಂದ ಬಿಳುಪು ಮಾಡಿ ತೋರಿಸಿದ. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಪುಡಿಗೆ ಪೇಟೆಂಟ್ ಪಡೆದ. ತಿಂಗಳುಗಳ ಕೆಲಸ ದಿನಗಳಿಗಿಳೀತು.

ನನ್ನ ಮಗಳಿಗೆ ಬ್ಲೀಚ್ ಗೊತ್ತು, ಚಲುವೆ ಗೊತ್ತಿಲ್ಲ. ಹೇಳಿಕೊಡ್ತೀನಿ. ನಗಲಿ ಬಿಡಿ, ನಕ್ಕಿದ್ದಕ್ಕೇ ಅಲ್ವಾ ನನಗೆ ನೆನಪುಳಿದದ್ದು?