ಒರಗಿ ಕುಳಿತು ತುಳಿಯುವ ಸೈಕಲ್ಲು: ಒಂದು ನಿಯಮದ ಚರಿತ್ರೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವರಲ್ಲಿ ಕೆಲವರು ಈಗ ಪುಣೆ, ಬೆಂಗಳೂರುಗಳಲ್ಲಿ ನೆಲೆಸಿ ಸೈಕಲ್ ಸವಾರಿಯ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ಇತ್ತೀಚೆಗೆ ಅವರ ಮಾತೆಲ್ಲ ಒಂದು ವಿಲಕ್ಷಣ ಸೈಕಲ್ಲಿನ ಸುತ್ತಲೇ ಸುತ್ತುತ್ತಿದೆ. ಅದರ ಚೌಕಟ್ಟು ಕಾರ್ಬನ್ ನಾರಿನದು. ಆಸನವು ಆರಾಮಕುರ್ಚಿಯಂತೆ ಹಿಂದಕ್ಕೆ ಬಾಗಿದೆ. ಪೆಡಲುಗಳು ಸವಾರನ ಕೆಳಗಿರದೆ ಅವನ ಮುಂದೆ, ಮುಂಗಾಲಿಯ ಮೇಲ್ಭಾಗದಲ್ಲಿವೆ. ಚೈನು ನಮ್ಮ ಸೈಕಲ್ಲಿನದಕ್ಕಿಂತ ಎರಡು ಮೂರು ಪಟ್ಟು ಉದ್ದ. ಅದು ಜೋತು ಬೀಳದಂತೆ ನಡುವೆ ಸಣ್ಣ ರಾಟೆಗಳನ್ನು ಕೂಡಿಸಿದ್ದಾರೆ. ಗೇರುಗಳೆಷ್ಟು, ತೂಕವೆಷ್ಟು, ಆಸನದ ಕೋನವೆಷ್ಟಿರಬೇಕು ಎಂದು ಇವರು ವಾದಿಸುವುದನ್ನು ಕೇಳಿದರೆ ಜಾತ್ರೆಯಲ್ಲಿ ಎತ್ತುಗಳ ಸುಳಿ ನೋಡುವ ರೈತರ ನೆನಪಾಗುತ್ತದೆ. ಇದರ ಹೆಸರು ರೆಕಂಬೆಂಟ್; ನಾವು ಒರಗು ಸೈಕಲ್ಲು ಎನ್ನೋಣ.

ಅವರಲ್ಲೊಬ್ಬನು, "ಸರ್, ಇದನ್ನ ಸೈಕಲ್ ಅನ್ನಬೇಕೋ ಬ್ಯಾಡೋ, ನೀವ ಹೇಳ್ರಿ" ಎಂದು ಕೇಳಿದನು. ತಮಾಷೆಗೆ ಕೇಳಿದ ಈ ಪ್ರಶ್ನೆಯನ್ನು ತೊಂಬತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ ಗಂಭೀರವಾಗಿ ಕೇಳಿ, ಗಂಭೀರವಾಗಿಯೇ ತೀರ್ಪನ್ನೂ ಕೊಟ್ಟಿದ್ದರು. ಆ ತೀರ್ಪಿನ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ.

ಗಾಳಿಯೆಂಬ ವೈರಿ

ಮೊದಲು ಒಂದಿಷ್ಟು ಭೂಗೋಲ. ಮೇಲೆ ಹೇಳಿದ ನಾಲ್ಕೂ ಊರುಗಳು ವಿಜಯಪುರಕ್ಕೆ ಮೂಡಣ ದಿಕ್ಕಿನಲ್ಲಿವೆ. ಕೆಲವು ಈಶಾನ್ಯಕ್ಕೆ, ಕೆಲವು ಆಗ್ನೇಯಕ್ಕೆ ವಾಲಿವೆ, ಅಷ್ಟೆ. ನಮ್ಮದು ಮರಗಳು ವಿರಳವಾದ ಬಯಲುಸೀಮೆ. ಆಷಾಢದ ಗಾಳಿ ಪಡುವಣದಿಂದ ಬೀಸತೊಡಗಿದರೆ ತಡೆಯುವವರಿಲ್ಲ. ಆ ದಿನಗಳಲ್ಲಿ ಸಿಂದಗಿಯಿಂದ ವಿಜಯಪುರದ ಕಡೆಗೆ ಸೈಕಲ್ ತುಳಿದವನಿಗೆ ಗಾಳಿಯೇ ಗೋಡೆಯಾಗಿ ನಿಲ್ಲುತ್ತಿತ್ತು; ಮರಳುವಾಗ ಅದೇ ಗಾಳಿ ಬೆನ್ನಿಗೆ ಕೈಹಚ್ಚಿ ದೂಡುತ್ತಿತ್ತು. ಎದುರುಗಾಳಿಗೆ ನಮ್ಮ ಹುಡುಗರು ತಲೆಯನ್ನು ಹ್ಯಾಂಡಲ್ಲಿಗೆ ತಾಗುವಷ್ಟು ಬಗ್ಗಿಸಿ ತುಳಿಯುತ್ತಿದ್ದರು. ಯಾರೂ ಅವರಿಗೆ ವಿಜ್ಞಾನವನ್ನು ಹೇಳಿಕೊಟ್ಟಿರಲಿಲ್ಲ; ದೇಹವೇ ಕಲಿತುಕೊಂಡಿತ್ತು.

ಅದರ ಹಿಂದಿನ ಲೆಕ್ಕ ಸರಳವಾಗಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವವನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಹಾಗಾದರೆ ಸವಾರನನ್ನೇ ಒರಗಿಸಿ, ಅವನ ಎದೆಯನ್ನು ಗಾಳಿಯ ದಾರಿಯಿಂದ ತಪ್ಪಿಸಿದರೆ ಹೇಗೆ? ಒರಗು ಸೈಕಲ್ಲಿನ ಮರ್ಮವೆಲ್ಲ ಇಷ್ಟೇ.

ಪ್ಯಾರಿಸ್ಸಿನ ಒಂದು ಗಂಟೆ

ನಾವು ಇಂದು ಕಾಣುವ ಸೈಕಲ್ಲಿನ ಆಕಾರಕ್ಕೆ ಬುನಾದಿ ಹಾಕಿದ್ದು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬವನು 1885ರಲ್ಲಿ ತಯಾರಿಸಿದ ರೋವರ್ ಸೈಕಲ್ಲು. ಸಮಾನ ಗಾತ್ರದ ಎರಡು ಗಾಲಿಗಳು, ಹಿಂಗಾಲಿಗೆ ಚೈನು. 1888ರಲ್ಲಿ ಡನ್ಲಪ್ ಗಾಳಿ ತುಂಬುವ ಟಾಯರನ್ನು ಕೊಟ್ಟನು. ಮುಂದಿನ ಐವತ್ತು ವರ್ಷಗಳಲ್ಲಿ ಸಾಮಗ್ರಿ ಸುಧಾರಿಸಿತೇ ಹೊರತು ಸವಾರನು ಕುಳಿತುಕೊಳ್ಳುವ ರೀತಿ ಬದಲಾಗಲಿಲ್ಲ.

ಅದನ್ನು ಬದಲಿಸಲು ಹೊರಟವನು ಫ್ರಾನ್ಸಿನ ಶಾರ್ಲ್ ಮೋಶೆ. ತನ್ನ ಮಗ ಜಾರ್ಜನಿಗೆ ಸೈಕಲ್ಲು ಅಪಾಯಕರವೆಂದು ಮನೆಯಲ್ಲಿ ಆತಂಕವಿದ್ದುದರಿಂದ ಅವನು ಮಗುವಿಗಾಗಿ ನಾಲ್ಕು ಗಾಲಿಯ, ಕುಳಿತು ತುಳಿಯುವ ಬಂಡಿಯೊಂದನ್ನು ಮಾಡಿಕೊಟ್ಟನು. ಅದು ಎಲ್ಲರಿಗೂ ಹಿಡಿಸಿತು. ಮುಂದೆ ಇಬ್ಬರು ದೊಡ್ಡವರು ಕುಳಿತು ತುಳಿಯುವ ವೆಲೊಕಾರ್ ಎಂಬ ವಾಹನ ಬಂದಿತು. ಅದನ್ನೇ ನಡುವೆ ಸೀಳಿದಂತೆ ಎರಡು ಗಾಲಿಯ ಯಂತ್ರವನ್ನೂ ಮೋಶೆ ನಿರ್ಮಿಸಿದನು.

ಆ ಕಾಲದಲ್ಲಿ ಸೈಕಲ್ ಓಟದ ಅತ್ಯಂತ ಗೌರವದ ದಾಖಲೆಯೆಂದರೆ ಒಂದು ಗಂಟೆಯಲ್ಲಿ ಕ್ರಮಿಸಿದ ದೂರ. ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ 1914ರಲ್ಲಿ ಮಾಡಿದ 44.247 ಕಿ.ಮೀ. ದಾಖಲೆ ಹತ್ತೊಂಬತ್ತು ವರ್ಷ ಅಲುಗಾಡದೆ ನಿಂತಿತ್ತು. 1933ರ ಜುಲೈ 7ರಂದು ಪ್ಯಾರಿಸ್ಸಿನ ಓಟದ ಕಣದಲ್ಲಿ ಫ್ರಾನ್ಸಿಸ್ ಫೋರ್ ಎಂಬವನು ಮೋಶೆಯ ಯಂತ್ರದ ಮೇಲೆ ಒರಗಿ 45.055 ಕಿ.ಮೀ. ಕ್ರಮಿಸಿದನು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಬಸವನ ಬಾಗೇವಾಡಿಯಲ್ಲಿ ಹೊರಟು ಒಂದು ತಾಸಿನೊಳಗೆ ವಿಜಯಪುರವನ್ನು ಮುಟ್ಟಿದಂತೆ. ಫೋರ್ ಮೊದಲ ದರ್ಜೆಯ ಓಟಗಾರನಾಗಿರಲಿಲ್ಲ ಎಂಬುದೇ ಗಲಾಟೆಗೆ ಮೂಲವಾಯಿತು. ಗೆದ್ದದ್ದು ಸವಾರನೋ ಯಂತ್ರವೋ ಎಂಬ ಪ್ರಶ್ನೆ ಎದ್ದಿತು.

ಅದೇ ವರ್ಷ ಆಗಸ್ಟ್ 29ರಂದು ಮೋರಿಸ್ ರಿಶಾರ್ ಎಂಬವನು ಸಾಮಾನ್ಯ ಸೈಕಲ್ಲಿನ ಮೇಲೆ 44.777 ಕಿ.ಮೀ. ಹೋದನು. ದೂರ ಕಡಿಮೆ, ಆದರೂ ದಾಖಲೆಯೆಂದು ಮಾನ್ಯವಾದದ್ದು ಇದೇ. 1900ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1934ರಲ್ಲಿ, ಸ್ಪರ್ಧೆಯ ಸೈಕಲ್ಲಿನಲ್ಲಿ ಆಸನಕ್ಕೂ ಪೆಡಲಿಗೂ ಎಷ್ಟು ಅಂತರವಿರಬೇಕೆಂದು ಅಳತೆಗಳನ್ನು ಗೊತ್ತುಮಾಡಿತು. ಆ ಅಳತೆಗಳಲ್ಲಿ ಮೋಶೆಯ ಯಂತ್ರ ಹಿಡಿಸುತ್ತಿರಲಿಲ್ಲ. ಏಪ್ರಿಲ್ 1ರಿಂದ ನಿಯಮ ಜಾರಿಗೆ ಬಂದಿತು. ಅದೇ ವರ್ಷ ಮೋಶೆಯೂ ತೀರಿಕೊಂಡನು.

ಒಕ್ಕೂಟದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸ್ಪರ್ಧೆಯೆಂದರೆ ಮನುಷ್ಯ ಮನುಷ್ಯರ ನಡುವಿನದು. ಉಪಕರಣವು ಎಲ್ಲರಿಗೂ ಸಮವಾಗಿರಬೇಕೆನ್ನುವುದು ನ್ಯಾಯವೇ. ಒರಗು ಸೈಕಲ್ಲಿಗೆ ಬೇರೊಂದು ಸಾಲನ್ನು ಕೊಟ್ಟಿದ್ದರೆ ಆ ನ್ಯಾಯಕ್ಕೆ ಯಾವ ಧಕ್ಕೆಯೂ ಆಗುತ್ತಿರಲಿಲ್ಲ. ಅದನ್ನು ಹೊರಗಿಟ್ಟದ್ದರಿಂದ ಫಲ ಬೇರೆಯೇ ಆಯಿತು. ಓಟದ ಕಣದಲ್ಲಿ ಕಾಣದ ಯಂತ್ರ ಅಂಗಡಿಯಲ್ಲಿಯೂ ಕಾಣುವುದಿಲ್ಲ. ಅಂಗಡಿಯಲ್ಲಿ ಕಾಣದ್ದನ್ನು ಕಾರ್ಖಾನೆ ತಯಾರಿಸುವುದಿಲ್ಲ. 1939ರಲ್ಲಿ ಅದೇ ಫೋರ್, ಗಾಳಿಯನ್ನು ಜಾರಿಸುವ ಕವಚವನ್ನು ತೊಡಿಸಿದ ಒರಗು ಸೈಕಲ್ಲಿನಲ್ಲಿ ಒಂದು ಗಂಟೆಗೆ 50.537 ಕಿ.ಮೀ. ಹೋದನು. ಮಾನ್ಯತೆ ಪಡೆದ ಸೈಕಲ್ಲು 50 ಕಿ.ಮೀ. ಗಡಿಯನ್ನು ದಾಟಲು 1984ರವರೆಗೆ, ಇಟಲಿಯ ಫ್ರಾನ್ಸೆಸ್ಕೊ ಮೋಸರ್ ಬರುವವರೆಗೆ, ಕಾಯಬೇಕಾಯಿತು. ನಲವತ್ತೈದು ವರ್ಷಗಳು!

ಒರಗು ಸೈಕಲ್ಲಿನ ಅಭಿಮಾನಿಗಳು ಸುಮ್ಮನಿರಲಿಲ್ಲ. 1976ರಲ್ಲಿ ಅಮೆರಿಕದಲ್ಲಿ ಮಾನವಶಕ್ತಿಯಿಂದ ಚಲಿಸುವ ವಾಹನಗಳಿಗೆಂದೇ ಒಂದು ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ಕೆನಡಾದ ಟಾಡ್ ರೈಕರ್ಟ್ 2016ರಲ್ಲಿ ಕವಚವುಳ್ಳ ಅಂತಹ ವಾಹನದಲ್ಲಿ ಗಂಟೆಗೆ 144.17 ಕಿ.ಮೀ. ವೇಗವನ್ನು ಮುಟ್ಟಿದನು. ಅದೇ ವರ್ಷ ಫ್ರಾನ್ಸೆಸ್ಕೊ ರುಸ್ಸೊ ಒಂದು ಗಂಟೆಯಲ್ಲಿ 92.439 ಕಿ.ಮೀ. ಕ್ರಮಿಸಿದನು. ಒಕ್ಕೂಟದ ಸೈಕಲ್ಲಿನಲ್ಲಿ ಇಟಲಿಯ ಫಿಲಿಪ್ಪೊ ಗಾನ್ನಾ 2022ರಲ್ಲಿ ಸಾಧಿಸಿದ್ದು 56.792 ಕಿ.ಮೀ. ಗಾನ್ನಾ ಒಂದು ತಾಸಿನಲ್ಲಿ ಇಂಡಿಯಿಂದ ವಿಜಯಪುರಕ್ಕೆ ಬಂದರೆ, ರುಸ್ಸೊ ಮುದ್ದೇಬಿಹಾಳದಿಂದ ಹೊರಟರೂ ವಿಜಯಪುರವನ್ನು ದಾಟಿ ಮುಂದೆ ಹೋಗಿರುತ್ತಾನೆ.

ನಮ್ಮ ನೆಲದ ಸೈಕಲ್ಲು

ಹಾಗಾದರೆ 1934ರ ನಿಯಮವಿಲ್ಲದಿದ್ದರೆ ನಮ್ಮ ರೈತರು ಒರಗು ಸೈಕಲ್ಲಿನಲ್ಲಿ ಸಂತೆಗೆ ಹೋಗುತ್ತಿದ್ದರೇ? ಇಲ್ಲವೆಂದೇ ನನ್ನ ತಿಳಿವಳಿಕೆ. ನಮ್ಮ ಎರಿಭೂಮಿಯನ್ನು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಸಾಕು, ಡೋಣಿ ದಂಡೆಯ ಮಣ್ಣು ಮಡ್‌ಗಾರ್ಡಿಗೂ ಟಾಯರಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತುಹೋಗುತ್ತಿತ್ತು. ಆಗ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಉದ್ದ ಚೈನಿನ, ನೆಲಕ್ಕೆ ಹತ್ತಿರವಾದ ಯಂತ್ರವನ್ನು ಹೊರುವುದೆಂತು? ಜಾಲಿಮುಳ್ಳಿನ ದಾರಿಯಲ್ಲಿ ಪಂಕ್ಚರ್ ತಿದ್ದುವವನಿಗೂ ಸರಳವಾದ ಗಾಡಿಯೇ ಬೇಕು.

ಮೇಲಾಗಿ ಸೈಕಲ್ಲು ನಮ್ಮಲ್ಲಿ ಸವಾರಿಗಿಂತ ಹೆಚ್ಚಾಗಿ ಹೊರೆಯ ವಾಹನ. 1956ರಲ್ಲಿ ಲುಧಿಯಾನದಲ್ಲಿ ಹೀರೊ ಕಾರ್ಖಾನೆ ಪ್ರಾರಂಭವಾದ ನಂತರ ಅಗ್ಗದ ಗಟ್ಟಿ ಸೈಕಲ್ಲುಗಳು ಹಳ್ಳಿಹಳ್ಳಿಗೂ ಬಂದವು. ಅದಕ್ಕೂ ಮೊದಲೇ ಅಟ್ಲಾಸ್, ಹರ್ಕ್ಯುಲಿಸ್ ಇದ್ದವು. ಇಂಡಿಯ ನಿಂಬೆಹಣ್ಣಿನ ಚೀಲ, ಹಾಲಿನ ಕ್ಯಾನು, ಹಸಿಮೇವಿನ ಹೊರೆ, ಎಲ್ಲವೂ ಆ ಕ್ಯಾರಿಯರಿನ ಮೇಲೆ. ಎತ್ತರಕ್ಕೆ ಕುಳಿತವನಿಗೆ ಜೋಳದ ಹೊಲದಾಚೆಯ ತಿರುವೂ ಕಾಣುತ್ತಿತ್ತು. ನೆಟ್ಟಗೆ ಕುಳಿತು ತುಳಿಯುವ ಸೈಕಲ್ಲು ನಮ್ಮಲ್ಲಿ ಗೆದ್ದದ್ದು ನಿಯಮದಿಂದಲ್ಲ, ಯೋಗ್ಯತೆಯಿಂದ.

ಕೈಯಿಂದ ತುಳಿಯುವವರು

ಆದರೂ ಆರಾಮಕುರ್ಚಿಯಂತಹ ಆಸನ, ಬೆನ್ನಿಗೆ ಆಧಾರ, ಉದ್ದ ಚೈನು ಇರುವ ಒಂದು ವಾಹನವನ್ನು ನೀವೆಲ್ಲ ನಮ್ಮ ಊರುಗಳಲ್ಲಿ ನೋಡಿದ್ದೀರಿ. ಕಾಲಿನ ಶಕ್ತಿ ಇಲ್ಲದವರು ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಸೈಕಲ್ಲು ಅದು. ಕೇಂದ್ರ ಸರಕಾರವು ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿಸಿದ ಕೃತಕ ಅಂಗಗಳ ನಿಗಮವು ಇವನ್ನು ತಯಾರಿಸುತ್ತ ಬಂದಿದೆ. ಮೋಶೆಯ ಯಂತ್ರಕ್ಕೆ ನಮ್ಮ ನಾಡಿನಲ್ಲಿ ಬಂಧುವೊಂದು ಇದ್ದರೆ ಅದು ಇದೇ.

ಎಂಬತ್ತರ ದಶಕದಲ್ಲಿ ನಾನು ಕಲಿಸುತ್ತಿದ್ದ ಶಾಲೆಯೊಂದರಲ್ಲಿ ಪೋಲಿಯೊದಿಂದ ಎರಡೂ ಕಾಲುಗಳ ಬಲ ಕಳೆದುಕೊಂಡ ಹುಡುಗನೊಬ್ಬನಿದ್ದ. ದಿನವೂ ಮೂರು ಕಿಲೋಮೀಟರ್ ದೂರದಿಂದ ಇಂತಹ ಗಾಡಿಯಲ್ಲಿ ಬರುತ್ತಿದ್ದ. ಅವನ ತೋಳುಗಳು ಕಮ್ಮಾರನ ತೋಳುಗಳಂತಿದ್ದವು. ಒಂದು ಕ್ರೀಡಾಕೂಟದಲ್ಲಿ ಸೈಕಲ್ ಓಟಕ್ಕೆ ತನ್ನ ಹೆಸರನ್ನೂ ಬರೆದುಕೊಳ್ಳಿರೆಂದು ಕೇಳಿದ. ನಡೆಸುವವರು ನಿಯಮದ ಹಾಳೆಯನ್ನು ತೋರಿಸಿದರು: ಎರಡು ಗಾಲಿ ಇರಬೇಕು, ಕಾಲಿನಿಂದ ತುಳಿಯಬೇಕು. ನಾವು ಇಬ್ಬರು ಶಿಕ್ಷಕರು ಅವನ ಪರವಾಗಿ ವಾದಿಸಿದೆವು, ಪ್ರಯೋಜನವಾಗಲಿಲ್ಲ. ಓಟ ಹೊರಟ ಮೇಲೆ ಅವನೂ ಹಿಂದಿನಿಂದ ಹೊರಟ. ಎಲ್ಲರೂ ಬಂದು ಬಹುಮಾನದ ಹೆಸರುಗಳನ್ನು ಓದುತ್ತಿರುವಾಗ ಧೂಳು ಮೆತ್ತಿದ ಮುಖದಿಂದ ಗೆರೆಯನ್ನು ದಾಟಿದ. ಯಾರೂ ಹೊತ್ತನ್ನು ಗುರುತಿಸಿರಲಿಲ್ಲ. ಅವನು ಮುಂದೆ ರೇಡಿಯೊ ರಿಪೇರಿಯ ಅಂಗಡಿ ಹಾಕಿ ಸಂಸಾರವನ್ನು ಚೆನ್ನಾಗಿ ನಡೆಸಿದ.

ಅವನ ಕೋರಿಕೆಗೆ ಲೋಕ ಒಪ್ಪಲು ಇನ್ನೂ ಇಪ್ಪತ್ತು ವರ್ಷ ಬೇಕಾದವು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸಿನಲ್ಲಿ ಕೈಯಿಂದ ನಡೆಸುವ ಸೈಕಲ್ಲುಗಳ ಓಟ ಮೊದಲ ಬಾರಿಗೆ ನಡೆಯಿತು. 2007ರಲ್ಲಿ ಅಂಗವಿಕಲರ ಸೈಕ್ಲಿಂಗಿನ ಹೊಣೆಯನ್ನು ವಹಿಸಿಕೊಂಡದ್ದು ಬೇರಾರೂ ಅಲ್ಲ, 1934ರಲ್ಲಿ ಮೋಶೆಯ ಯಂತ್ರವನ್ನು ಹೊರಗಿಟ್ಟ ಅದೇ ಅಂತರರಾಷ್ಟ್ರೀಯ ಒಕ್ಕೂಟ. ಇಂದು ಅದರ ಸ್ಪರ್ಧೆಗಳಲ್ಲಿ ಮೂರು ಗಾಲಿಯ ಮೇಲೆ ಬೆನ್ನೊರಗಿಸಿ ಮಲಗಿದ ಸವಾರರು ಕೈಯಿಂದ ತಿರುಗಿಸುತ್ತ ಸಾಗುತ್ತಾರೆ. ಅವರಿಗೆ ಪದಕಗಳಿವೆ, ಹೊತ್ತು ಗುರುತಿಸುವವರಿದ್ದಾರೆ.

ಬರೆಯದ ನಿಯಮಗಳೂ ಇರುತ್ತವೆ. ನಮ್ಮ ಕಡೆ ಹೆಣ್ಣುಮಕ್ಕಳು ಸೈಕಲ್ ತುಳಿಯಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ. ಆದರೂ ತುಳಿಯುತ್ತಿದ್ದವರು ಬೆರಳೆಣಿಕೆಯಷ್ಟು. 2006-07ರಲ್ಲಿ ರಾಜ್ಯ ಸರಕಾರ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಅದು ನಡೆದ ವರ್ಷಗಳಲ್ಲಿ ಸಮವಸ್ತ್ರದ ಹುಡುಗಿಯರು ಸಾಲುಸಾಲಾಗಿ ಸೈಕಲ್ ತುಳಿದುಕೊಂಡು ಹೈಸ್ಕೂಲಿಗೆ ಹೋಗುವುದನ್ನು ನೋಡಿದೆವು. ಬರೆಯದ ನಿಯಮ ಹೇಳಹೆಸರಿಲ್ಲದಂತೆ ಹೋಯಿತು.

ನಿಯಮಗಳು ಬೇಕು, ಶಾಲೆಯಲ್ಲಿ ಮೂರು ದಶಕ ಕಳೆದವನು ಬೇಡವೆಂದು ಹೇಳಿದರೆ ನೀವು ನಕ್ಕೀರಿ. ಆದರೆ ನಿಯಮ ಬರೆಯುವವನು ತನ್ನ ಕಣ್ಣಿಗೆ ಕಂಡ ಸೈಕಲ್ಲನ್ನು ಮಾತ್ರ ಅಳೆದು ಬರೆಯುತ್ತಾನೆ. ನಿಮ್ಮಲ್ಲಿ ಹಲವರು ಇಂದು ಅಧಿಕಾರಿಗಳಾಗಿದ್ದೀರಿ, ಶಿಕ್ಷಕರಾಗಿದ್ದೀರಿ, ಸಂಘಗಳನ್ನು ನಡೆಸುತ್ತಿದ್ದೀರಿ. ನಿಮ್ಮ ಮೇಜಿನ ಮುಂದೆ ಯಾರಾದರೂ ಅಳತೆಗೆ ಹೊಂದದ ಗಾಡಿಯೊಂದನ್ನು ತಂದು ನಿಲ್ಲಿಸಿದರೆ ಹಾಳೆಯನ್ನು ತೋರಿಸುವ ಮೊದಲು, ಅದು ಎಷ್ಟು ದೂರದಿಂದ ಬಂದಿದೆಯೆಂದು ಒಮ್ಮೆ ಕೇಳಿರಿ.